ಬೇರೆಯಾಗಿ ಬೇಯಿಸಿದ ಕಡುಬು

ಕಳೆದ ಗಣೇಶ ಚೌತಿಯ ಮಧ್ಯಾಹ್ನ ನಮ್ಮ ಎದುರು ಮನೆಯ ಅಜ್ಜಿ ಸ್ಟೀಲ್ ತಟ್ಟೆಯೊಂದನ್ನು ಬಾಳೆಲೆಯಿಂದ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಎಲೆಯ ಕೆಳಗೆ ಏಳು ಕಡುಬುಗಳಿದ್ದವು. ಬಿಸಿಗೆ ಎಲೆಯ ಅಂಚು ಬಾಡಿತ್ತು, ಒಂದು ಕಡುಬು ಬಾಯಿ ಬಿಟ್ಟು ಬೆಲ್ಲದ ಹೂರಣ ತಟ್ಟೆಗೆ ಅಂಟಿತ್ತು. ನಾನು ಕೈಚಾಚುವ ಮೊದಲೇ ಅವರು, “ಇದು ದೇವರ ಮುಂದೆ ಇಟ್ಟದ್ದಲ್ಲಮ್ಮ. ನೈವೇದ್ಯ ಮುಗಿದ ಮೇಲೆ ನಿಮ್ಮ ಮನೆಗೆಂದೇ ಬೇರೆ ಹಿಟ್ಟು ಕಲಸಿ ಬೇಯಿಸಿದ್ದು. ಮಕ್ಕಳಿಗೆ ಕೊಡಿ” ಎಂದರು. ಎಪ್ಪತ್ತು ದಾಟಿದ, ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವ ಆ ತಾಯಿ ನಮಗಾಗಿ ಎರಡನೆಯ ಸಲ ಒಲೆಯ ಮುಂದೆ ನಿಂತಿದ್ದರು.

ಅವರಿಗೆ ಹೀಗೆ ಮಾಡಬೇಕೆಂದು ನಾವು ಹೇಳಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ವಸತಿ ಸಮುಚ್ಚಯದ ಗಣೇಶನ ಪೆಂಡಾಲಿನಲ್ಲಿ ಯಾರೋ ನಮ್ಮ ಮಗಳ ಕೈಗೆ ಪ್ರಸಾದ ಹಾಕಿದಾಗ ನನ್ನ ಯಜಮಾನರು ಅದನ್ನು ಅಲ್ಲಿಯೇ ಹಿಂದಕ್ಕೆ ಕೊಡಿಸಿ, “ನಾವು ಕ್ರೈಸ್ತರು, ಇದೆಲ್ಲ ತಿನ್ನುವುದಿಲ್ಲ” ಎಂದು ಎಲ್ಲರ ಎದುರಿಗೂ ಬಿರುಸಾಗಿ ಹೇಳಿಬಿಟ್ಟಿದ್ದರು. ನಾನೂ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಅಜ್ಜಿ ಅದನ್ನು ನೋಡಿದ್ದರು. ನೋಡಿ ಮನಸ್ಸಿಗೆ ನೋವು ಮಾಡಿಕೊಳ್ಳುವ ಬದಲು ನಮಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು.

ಮಗಳು ಒಂದನೆಯ ತರಗತಿಗೆ ಸೇರಿದ ವರ್ಷವೇ ನಾವಿಬ್ಬರೂ ಕುಳಿತು ನಮ್ಮ ಮನೆ ಯಾವ ಹಬ್ಬದಲ್ಲಿ ಎಷ್ಟರ ಮಟ್ಟಿಗೆ ಸೇರಬೇಕೆಂದು ಪಟ್ಟಿ ಮಾಡಿದ್ದೆವು. ಬೆಂಗಳೂರಿನಲ್ಲಿ ಕನ್ನಡ ಮಾತಾಡುವ ಕ್ರೈಸ್ತ ಕುಟುಂಬಕ್ಕೆ ಈ ಪ್ರಶ್ನೆ ವರ್ಷದಲ್ಲಿ ಒಂದೆರಡು ಸಲ ಬಂದು ಹೋಗುವಂಥದ್ದಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದಿಂದ ಹಿಡಿದು ಯುಗಾದಿ, ವರಮಹಾಲಕ್ಷ್ಮಿಯ ಅರಿಶಿನ-ಕುಂಕುಮದ ಕರೆ, ಆಯುಧ ಪೂಜೆ, ದೀಪಾವಳಿಯವರೆಗೆ ಬಾಗಿಲು ಬಾಗಿಲಿಗೂ ಬರುತ್ತದೆ. ನನ್ನ ತಾತನ ಮನೆಯಲ್ಲಿ ಎಲ್ಲಕ್ಕೂ ‘ಬೇಡ’ ಎಂಬ ಒಂದೇ ಉತ್ತರವಿತ್ತು. ಆ ‘ಬೇಡ’ದ ಹಿಂದೆ ಭಕ್ತಿಯಿತ್ತೆಂಬುದನ್ನು ನಾನು ಬಲ್ಲೆ, ಅವರನ್ನು ಇಂದಿಗೂ ಗೌರವಿಸುತ್ತೇನೆ. ಆದರೆ ಮನೆಗೆ ಎಳ್ಳು ಬೀರಲು ಬಂದ ಓರಗೆಯ ಹುಡುಗಿಯನ್ನು ಬಾಗಿಲಿನಿಂದಲೇ ಕಳುಹಿಸಿದ ದಿನ ಅವಳ ಮುಖ ಹೇಗಾಯಿತೆಂಬುದು ನನಗೆ ಇನ್ನೂ ಮರೆತಿಲ್ಲ.

ಪಟ್ಟಿಯಿಂದ ಕೆಲಸವಾಗಲಿಲ್ಲ. ನಾವು ಸತ್ಯವೇದದ, ಅಂದರೆ ಬೈಬಲಿನ, ಕಡೆಗೆ ತಿರುಗಿದಾಗ ಅಲ್ಲಿ ಹಬ್ಬಗಳ ಪಟ್ಟಿಗಿಂತ ಸೂಕ್ಷ್ಮವಾದದ್ದು ದೊರೆಯಿತು. ಕೊರಿಂಥ ಪಟ್ಟಣದ ಮೊದಲ ಕಾಲದ ಕ್ರೈಸ್ತ ಸಭೆಗೆ ಇದೇ ಸಂಕಟವಿತ್ತು: ಸಂತೆಯಲ್ಲಿ ಮಾರುವ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದಾಗಿರಬಹುದು, ನೆರೆಯವನು ಊಟಕ್ಕೆ ಕರೆಯುತ್ತಾನೆ, ಹೋಗಬೇಕೋ ಬೇಡವೋ? ಅಪೊಸ್ತಲನಾದ ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ, ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಊಟಮಾಡಿ ಎನ್ನುತ್ತಾನೆ. ಆದರೆ ಇದು ಅರ್ಪಿಸಿದ್ದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಸಲುವಾಗಿ ತಿನ್ನಬೇಡಿ ಎನ್ನುತ್ತಾನೆ. ಈ ‘ತಿಳಿಸಿದವನ ಸಲುವಾಗಿ’ ಎಂಬುದನ್ನು ನಾನು ಚಿಕ್ಕಂದಿನಿಂದ ಓದಿದ್ದೆ, ಆದರೆ ಅಜ್ಜಿ ಬಾಗಿಲಲ್ಲಿ ನಿಂತ ದಿನವೇ ಅದು ನನ್ನೊಳಗೆ ಇಳಿದದ್ದು. ತಟ್ಟೆಯಲ್ಲಿರುವುದರ ವಿಷಯವನ್ನು ಅಪೊಸ್ತಲನು ತಟ್ಟೆಯಲ್ಲೇ ಬಿಡದೆ, ಎದುರಿಗೆ ಕುಳಿತ ಮನುಷ್ಯನ ಮನಸ್ಸಾಕ್ಷಿಯ ಬಳಿಗೆ ಕೊಂಡೊಯ್ಯುತ್ತಾನೆ. ಪೌಲನನ್ನು ಓದದ ಅಜ್ಜಿ ನಮ್ಮ ಮನಸ್ಸಾಕ್ಷಿಯ ಸಲುವಾಗಿ ಬೇರೆ ಪಾತ್ರೆ ಇಟ್ಟಿದ್ದರು. ಪೌಲನನ್ನು ಓದಿದ ನಾವು ಪೆಂಡಾಲಿನಲ್ಲಿ ಅವರ ಮನಸ್ಸನ್ನು ಎಣಿಕೆಗೇ ತಂದುಕೊಂಡಿರಲಿಲ್ಲ.

ಅಂದಿನಿಂದ ನಾವು ಮಕ್ಕಳಿಗೆ ಹೇಳುತ್ತಿರುವುದು ಇಷ್ಟು: ನಮ್ಮ ತಲೆ ಬಾಗುವುದು ಕರ್ತನ ಮುಂದೆ ಮಾತ್ರ; ಉಳಿದಂತೆ ನೆರೆಯವರ ಸಂತೋಷ ನಮಗೂ ಸಂತೋಷ. ಆದ್ದರಿಂದ ಆರತಿ ತೆಗೆದುಕೊಳ್ಳುವುದಿಲ್ಲ, ಪೂಜೆಯಲ್ಲಿ ಕೈಮುಗಿಯುವುದಿಲ್ಲ, ಅರ್ಪಿಸಿದ್ದೆಂದು ತಿಳಿದರೆ ತಿನ್ನುವುದಿಲ್ಲ. ಆದರೆ ಬೇಡವೆನ್ನುವಾಗ ಎರಡು ಕೈ ಜೋಡಿಸಿ, ಮೆಲುದನಿಯಲ್ಲಿ, ಕೊಟ್ಟವರ ಮುಖ ನೋಡಿ ಹೇಳಬೇಕು. ಸಂಕ್ರಾಂತಿಯ ಎಳ್ಳನ್ನು ಈಗ ನಮ್ಮ ಮಕ್ಕಳು ತೆಗೆದುಕೊಳ್ಳುತ್ತಾರೆ, ಒಳ್ಳೆಯ ಮಾತನ್ನೂ ಆಡುತ್ತಾರೆ.

ನನ್ನ ಯಜಮಾನರು ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಆಯುಧ ಪೂಜೆಯ ದಿನ ಲೇತ್ ಯಂತ್ರಗಳನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ಮೊದಲು ಅವರು ಆ ದಿನ ರಜೆ ಹಾಕುತ್ತಿದ್ದರು. ಈಗ ಹೋಗುತ್ತಾರೆ, ಯಂತ್ರ ತೊಳೆಯುವ ಕೆಲಸದಲ್ಲಿ ಕೈಜೋಡಿಸುತ್ತಾರೆ, ಪೂಜೆಯ ಹೊತ್ತಿಗೆ ಹಿಂದೆ ಸರಿದು ನಿಲ್ಲುತ್ತಾರೆ, ಕೆಲಸಗಾರರಿಗೆ ಬಟ್ಟೆ ಹಂಚುತ್ತಾರೆ. ಆ ಸಂಜೆಯ ಮನೆಯ ಪ್ರಾರ್ಥನೆಯಲ್ಲಿ, ವರ್ಷವಿಡೀ ಯಾರ ಬೆರಳಿಗೂ ಅಪಾಯವಾಗದಂತೆ ಕಾಪಾಡಿದ್ದಕ್ಕಾಗಿ ಒಬ್ಬೊಬ್ಬ ಕೆಲಸಗಾರನ ಹೆಸರು ಹಿಡಿದು ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ಸಿರಿಯದ ಸೇನಾಪತಿ ನಾಮಾನನು, ಅರಸನು ತನ್ನ ಕೈಮೇಲೆ ಒರಗಿಕೊಂಡು ರಿಮ್ಮೋನನ ಗುಡಿಗೆ ಹೋಗುವಾಗ ತಾನು ಏನು ಮಾಡಲಿ ಎಂದು ಎಲೀಷನ ಮುಂದೆ ತೋಡಿಕೊಂಡಾಗ ಪ್ರವಾದಿಯು ಗದರಿಸದೆ ಸಮಾಧಾನದಿಂದ ಹೋಗೆಂದನು. ಕೆಲಸದ ಸ್ಥಳದಲ್ಲಿ ಇಂಥ ಇಕ್ಕಟ್ಟಿನಲ್ಲಿ ನಿಲ್ಲುವವರಿಗೆ ಆ ಮಾತು ದೊಡ್ಡ ಆಸರೆ.

ಬೇರೆಯವರ ಹಬ್ಬಕ್ಕೆ ಹಿಡಿದ ತಕ್ಕಡಿಯನ್ನು ನಮ್ಮ ಹಬ್ಬಕ್ಕೂ ಹಿಡಿಯಲೇಬೇಕಾಯಿತು. ಡಿಸೆಂಬರ್ 25 ಎಂಬ ದಿನಾಂಕ ಸುವಾರ್ತೆಗಳಲ್ಲಿ ಇಲ್ಲ; ಕ್ರಿ.ಶ. 354ರ ರೋಮಿನ ಪಂಚಾಂಗವೊಂದರಲ್ಲಿ ಅದು ಕಾಣಿಸುತ್ತದೆ. ಆ ಕಾರಣಕ್ಕೆ ಕ್ರಿಸ್‌ಮಸ್ಸನ್ನೇ ಬಿಟ್ಟ ಭಕ್ತರೂ ಇದ್ದಾರೆ. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರು ಅದನ್ನು ಆಚರಿಸಿದವರಿಗೆ ದಂಡವನ್ನೇ ವಿಧಿಸಿದ್ದರು. ನಾವು ಅಷ್ಟು ದೂರ ಹೋಗಲಾರೆವು. ಮೋಶೆಯ ಧರ್ಮಶಾಸ್ತ್ರದಲ್ಲಿ ಹೇಳದ, ಯೆಹೂದ್ಯರ ದೇವಾಲಯ ಪ್ರತಿಷ್ಠೆಯ ಹಬ್ಬದಲ್ಲಿ ಯೇಸುಸ್ವಾಮಿ ಚಳಿಗಾಲದ ದಿನ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದನೆಂದು ಯೋಹಾನನು ಬರೆದಿದ್ದಾನೆ. ಜನರು ಕೃತಜ್ಞತೆಯಿಂದ ಏರ್ಪಡಿಸಿಕೊಂಡ ಹಬ್ಬಕ್ಕೆ ಆತನು ಬೆನ್ನು ತಿರುಗಿಸಲಿಲ್ಲ. ಆದರೆ ಉಡುಗೊರೆ ಹಂಚುವ ಕ್ರಿಸ್‌ಮಸ್ ತಾತನನ್ನು ನಿಜವೆಂದು ಮಕ್ಕಳಿಗೆ ನಂಬಿಸುವುದನ್ನು ನಿಲ್ಲಿಸಿದೆವು. ಮುಂದೊಂದು ದಿನ ಆ ತಾತನು ಕಟ್ಟುಕಥೆಯೆಂದು ತಿಳಿದಾಗ, ಕೊಟ್ಟಿಗೆಯ ಮಗುವೂ ಹಾಗೆಯೇ ಇರಬಹುದೆಂದು ಅವರು ಯೋಚಿಸುವುದು ನಮಗೆ ಬೇಡವಾಗಿತ್ತು. ಆ ತಾತನ ಕಥೆಗೆ ಮೂಲವಾದ ಮೈರಾದ ಬಿಷಪ್ ನಿಕೊಲಾಸನ ಹೆಸರನ್ನು, ಬಡವರಿಗೆ ಅವರು ಗುಟ್ಟಾಗಿ ಕೊಟ್ಟರೆಂಬ ಐತಿಹ್ಯವನ್ನು ಹೇಳಿಕೊಟ್ಟಿದ್ದೇವೆ. ಕ್ರಿಸ್‌ಮಸ್ ದಿನ ಅಜ್ಜಿಯ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ. ಮೊಟ್ಟೆ ಎಂದೂ ಮುಟ್ಟದ ಹೊಸ ಪಾತ್ರೆಯೊಂದನ್ನು ಅವರ ಮನೆಯ ಕೇಕಿಗೆಂದೇ ತೆಗೆದಿರಿಸಿದ್ದೇನೆ.

ಅಕ್ಟೋಬರ್ 31ರ ಸಂಜೆ ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಹೋಗುವ ಹ್ಯಾಲೋವೀನ್ ಮಾತ್ರ ನಮಗೆ ಸುಲಭವಾಗಿ ಬಿಟ್ಟುಹೋಯಿತು. ಹೆಸರಿನಲ್ಲಿ ಅದು ಮರುದಿನದ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. ನಮ್ಮ ಸಮುಚ್ಚಯದಲ್ಲಿ ಉಳಿದಿರುವುದು ತಲೆಬುರುಡೆಯ ಮುಖವಾಡ. ನವೆಂಬರ್ 1ರಂದು ಮಕ್ಕಳು ರಾಜ್ಯೋತ್ಸವದ ಹಳದಿ-ಕೆಂಪು ಬಾವುಟ ಹಿಡಿದು ಮುಂದಿನ ಸಾಲಿನಲ್ಲಿ ಹಾಡುತ್ತಾರೆ, ಅದು ನಮ್ಮದೇ ಹಬ್ಬ. ಕಾರ್ಪೊರೇಷನ್ ವೃತ್ತದ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ಇಂದಿಗೂ ಕನ್ನಡದಲ್ಲಿ ಆರಾಧನೆ ನಡೆಯುತ್ತದೆ. ಈ ಭಾಷೆಯಲ್ಲಿ ಪ್ರಾರ್ಥಿಸುವ ನಾವು ಆ ದಿನ ಬದಿಗೆ ನಿಲ್ಲುವ ಮಾತೇ ಇಲ್ಲ.

ಇನ್ನೂ ತೀರ್ಮಾನವಾಗದ ಒಂದು ಸಂಗತಿ ದೀಪಾವಳಿಯ ದೀಪ. ಆ ಸಂಜೆ ಹೊಸ್ತಿಲಿನ ದೀಪ ಲಕ್ಷ್ಮಿಯನ್ನು ಕರೆಯುತ್ತದೆ, ನಾವು ಮನಸ್ಸಿನಲ್ಲಿಲ್ಲದ ಮಾತನ್ನು ದೀಪದಿಂದ ಆಡಿಸಬಾರದು ಎನ್ನುತ್ತಾರೆ ಯಜಮಾನರು. ‘ನಾನೇ ಲೋಕಕ್ಕೆ ಬೆಳಕು’ ಎಂದ ಕರ್ತನ ಹೆಸರಿನಲ್ಲಿ ನಾಲ್ಕು ಹಣತೆ ಇಡಬಹುದೆಂಬುದು ನನ್ನ ಮನಸ್ಸು. ರೋಮಾಪುರದವರಿಗೆ ಬರೆದ ಪತ್ರಿಕೆ, ದಿನಗಳ ವಿಷಯದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎನ್ನುತ್ತದೆ. ಒಂದೇ ಸೂರಿನಡಿಯ ಎರಡು ಮನಸ್ಸುಗಳಿಗೂ ಅದು ಅನ್ವಯಿಸುತ್ತದೆಂದು ಕಾಣುತ್ತದೆ. ಸದ್ಯಕ್ಕೆ ನಮ್ಮ ಹೊಸ್ತಿಲಲ್ಲಿ ದೀಪವಿಲ್ಲ. ಅಜ್ಜಿಗೆ ಬಗ್ಗಲು ಆಗದ ಕಾರಣ ಅವರ ಹಣತೆಗಳಿಗೆ ಎಣ್ಣೆ ಹಾಕಿ ಸಾಲಾಗಿ ಇಟ್ಟುಕೊಟ್ಟು ಬರುವುದು ನಮ್ಮ ಮಗಳು. “ಅಲ್ಲಿ ಇಡಬಹುದು, ಇಲ್ಲಿ ಯಾಕೆ ಇಡಬಾರದು ಅಮ್ಮಾ?” ಎಂದು ಕೇಳಿದಳು. ಅಪ್ಪನಿಗೂ ನನಗೂ ಇದರಲ್ಲಿ ಇನ್ನೂ ಒಂದೇ ಮನಸ್ಸಾಗಿಲ್ಲ, ದೇವರನ್ನು ಕೇಳುತ್ತಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಅಂದು ರಾತ್ರಿ ಪ್ರಾರ್ಥನೆಗೆ ಕುಳಿತಾಗ ಅವಳ ಬೆರಳಿನಲ್ಲಿ ಇನ್ನೂ ಎಳ್ಳೆಣ್ಣೆಯ ವಾಸನೆಯಿತ್ತು. ದೀಪದ ಮಾತನ್ನು ಅವಳು ಎತ್ತಲಿಲ್ಲ. ಅಜ್ಜಿಯ ಮಂಡಿನೋವು ವಾಸಿಯಾಗಲಿ ಎಂದು ಬೇಡಿಕೊಂಡು ಆಮೆನ್ ಎಂದಳು.