ಲಾಟರಿ ಹೊಡೆದರೆ ಬೆಟ್ಟದಲ್ಲಿ ಒಂದು ರಾತ್ರಿ

ಈ ಸಲವೂ ನಮಗೆ ಲಾಟರಿ ಹೊಡೆಯಲಿಲ್ಲ. ಇದು ನಾಲ್ಕನೇ ವರ್ಷ. ದುಡ್ಡಿನ ಲಾಟರಿ ಅಲ್ಲ, ಬೆಟ್ಟದ ಮೇಲೆ ಟೆಂಟ್ ಹಾಕಿ ಮಲಗಲು ಪರ್ಮಿಟ್ ಕೊಡುವ ಲಾಟರಿ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಗುಡ್ಡ ಹತ್ತೋಕೂ ಚೀಟಿ ಎತ್ತಬೇಕಾ?" ಎಂದು ಕೇಳಿದರು. ಸುಬ್ರಹ್ಮಣ್ಯದ ಹತ್ತಿರ ಹುಟ್ಟಿ ಬೆಳೆದವರಿಗೆ ಅದು ವಿಚಿತ್ರವೇ. ನಮಗೆ ಗುಡ್ಡ ಅಂದರೆ ಹಿತ್ತಲಿನಿಂದ ಶುರುವಾಗುವ ಜಾಗ.

ಅಮೆರಿಕದ ಸಿಯಾಟಲ್‌ನಿಂದ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಲೆವೆನ್‌ವರ್ತ್ ಎಂಬ ಸಣ್ಣ ಊರು ಸಿಗುತ್ತದೆ. ಅದರ ಹಿಂದೆ ಎದ್ದು ನಿಂತಿರುವ ಬೆಟ್ಟಗಳೇ ಎನ್‌ಚಾಂಟ್‌ಮೆಂಟ್ಸ್. ಬಿಳಿ ಗ್ರಾನೈಟ್ ಬಂಡೆ, ಒಂದರ ಕೆಳಗೊಂದು ಕೆರೆ, ಮಧ್ಯೆ ಲಾರ್ಚ್ ಮರಗಳು. ಇದು ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್ ಎಂಬ ಸಂರಕ್ಷಿತ ಕಾಡಿನ ಒಂದು ಭಾಗ. 1976ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಮೇ 15ರಿಂದ ಅಕ್ಟೋಬರ್ 31ರವರೆಗೆ ಇಲ್ಲಿ ರಾತ್ರಿ ಉಳಿಯಬೇಕಾದರೆ ಸಾಮಾನ್ಯವಾಗಿ ಫೆಬ್ರವರಿಯಲ್ಲೇ ಹೆಸರು ಹಾಕಬೇಕು. ಅರ್ಜಿಗೆ 6 ಡಾಲರ್, ಅದು ವಾಪಸ್ ಬರುವುದಿಲ್ಲ. ಒಂದು ಗುಂಪಿನಲ್ಲಿ 8 ಜನರಿಗಿಂತ ಜಾಸ್ತಿ ಇರುವಂತಿಲ್ಲ. ನಾಯಿ ಇಲ್ಲ, ಬೆಂಕಿ ಹಾಕುವಂತಿಲ್ಲ.

ಮೊದಲ ವರ್ಷ ನನಗೆ ಸಿಟ್ಟೇ ಬಂದಿತ್ತು. ಸಾರ್ವಜನಿಕರ ಜಮೀನು ಅಂತೀರಿ, ಆಮೇಲೆ ಬಾಗಿಲು ಹಾಕ್ತೀರಿ, ಇದೆಂಥ ನ್ಯಾಯ ಅನ್ನಿಸಿತ್ತು. ಹಾಗಾಗಿ ಈ ಕಾನೂನು ಎಲ್ಲಿಂದ ಬಂತು ಎಂದು ಓದತೊಡಗಿದೆ. 1964ರ ವೈಲ್ಡರ್‌ನೆಸ್ ಕಾಯ್ದೆ ಅದು. ಬರೆದವರು ಕಾಡು ಉಳಿಸಲು ದುಡಿದ ಹೊವರ್ಡ್ ಜಾನೈಸರ್. ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದರು. ಅಧ್ಯಕ್ಷರು ಸಹಿ ಹಾಕಿದ್ದು ಸೆಪ್ಟೆಂಬರಿನಲ್ಲಿ, ಜಾನೈಸರ್ ತೀರಿಕೊಂಡಿದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ. ಅವರಿಗೆ ಆ ದಿನ ನೋಡಲು ಸಿಗಲಿಲ್ಲ. ಇಂಥ ಕಾಡಿನಲ್ಲಿ ಮನುಷ್ಯ ಬಂದು ಹೋಗುವ ಅತಿಥಿ, ಅಲ್ಲೇ ಉಳಿಯುವವನಲ್ಲ ಎನ್ನುತ್ತದೆ ಕಾಯ್ದೆ. ಆದರೆ ಅದೇ ಕಾಯ್ದೆ, ಈ ಜಾಗ ಜನರ ಬಳಕೆಗೆ ಮತ್ತು ಸಂತೋಷಕ್ಕೆ ಅಂತಲೂ ಹೇಳುತ್ತದೆ. ಮುಂದೆ ಬರುವವರಿಗೂ ಹಾಳಾಗದೆ ಉಳಿಯಬೇಕು, ಅಷ್ಟೇ ಷರತ್ತು. ಅಂದರೆ ನನ್ನೊಳಗಿನ ಜಗಳ ಕಾಯ್ದೆಯೊಳಗೇ ಇತ್ತು.

ಅತಿಥಿ ಎಂಬ ಮಾತು ಎಲ್ಲರಿಗೂ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಕಣಿವೆ ವೆನಾಚಿ ಎಂಬ ಮೂಲನಿವಾಸಿ ಜನರ ಮನೆಯಾಗಿತ್ತು. 1855ರ ಒಪ್ಪಂದದಲ್ಲಿ ಇಲ್ಲಿನ ಹೊಳೆಯ ಬದಿ ಅವರು ಮೀನು ಹಿಡಿಯುವ ಜಾಗವನ್ನು ಮೀಸಲಿಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತ್ತು. ಉಳಿಸಿಕೊಳ್ಳಲಿಲ್ಲ. ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರ ಸುದ್ದಿ ಓದಿ ಬೆಳೆದ ನಮಗೆ ಇದು ಹೊಸ ಕಥೆಯಲ್ಲ. ಮನುಷ್ಯ ಮುಟ್ಟದ ಕಾಡು ಎಂದು ಯಾರಾದರೂ ಹೊಗಳಿದಾಗ ನನಗೆ ಅಲ್ಲಿದ್ದವರ ನೆನಪಾಗುತ್ತದೆ.

ರಾತ್ರಿ ಉಳಿಯಲು ಪರ್ಮಿಟ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಒಂದೇ ದಿನದಲ್ಲಿ ಪೂರ್ತಿ ದಾಟುವುದು. ಸುಮಾರು 30 ಕಿಲೋಮೀಟರ್. ಇದಕ್ಕೆ ಲಾಟರಿ ಇಲ್ಲ, ದಾರಿಯ ಬುಡದಲ್ಲಿ ಒಂದು ಚೀಟಿ ಬರೆದು ಹೊರಟರಾಯಿತು. ಸೆಪ್ಟೆಂಬರ್ ಕೊನೆಗೆ ನಾವು ಹಾಗೇ ಹೋದೆವು. ಬೆಳಗಿನ ಜಾವ ನಾಲ್ಕಕ್ಕೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಟರೆ, ನಮ್ಮ ಮುಂದೆಯೂ ಹಿಂದೆಯೂ ಲ್ಯಾಂಪುಗಳ ಸಾಲು. ಕೋಲ್ಚಕ್ ಕೆರೆಯ ಹತ್ತಿರ ಬೆಳಕು ಹರಿಯಿತು. ಅಲ್ಲಿಂದ ಆಸ್ಗಾರ್ಡ್ ಪಾಸ್ ಎಂಬ ಕಡಿದಾದ ಏರು. ಒಂದು ಮೈಲಿಯೂ ಇಲ್ಲದ ದೂರಕ್ಕೆ ಸುಮಾರು 2000 ಅಡಿ ಏರಬೇಕು. ಮಂಡಿ, ಕೈ, ಎಲ್ಲ ಬಳಸಿ ಹತ್ತಿದೆವು.

ಮೇಲೆ ಕಂಡದ್ದನ್ನು ಹೇಗೆ ಹೇಳಲಿ. ಲಾರ್ಚ್ ಎಂಬುದು ಸೂಜಿ ಎಲೆಯ ಮರ, ಆದರೆ ಪೈನಿನ ಹಾಗೆ ವರ್ಷವಿಡೀ ಹಸಿರಾಗಿರುವುದಿಲ್ಲ. ಚಳಿಗೆ ಮೊದಲು ಪೂರ್ತಿ ಅರಿಶಿನ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ. ಉದುರಿದ ಸೂಜಿಗಳು ಕೆರೆಯ ಅಂಚಿನಲ್ಲಿ ಗೆರೆ ಎಳೆದ ಹಾಗೆ ತೇಲುತ್ತಿದ್ದವು. ನನ್ನ ಕಣ್ಣು ತುಂಬಿ ಬಂತು.

ಅಲ್ಲೇ ಬುತ್ತಿ ಬಿಚ್ಚಿ ಕೂತಿದ್ದಾಗ ಬೆಟ್ಟದ ಮೇಕೆ ಬಂತು. ಬಿಳಿ ಉಣ್ಣೆ, ಜೊತೆಗೊಂದು ಮರಿ. ನಮ್ಮನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ದಾರಿಯ ಪಕ್ಕದ ಒಂದು ಹಿಡಿ ಮಣ್ಣಿನ ಹತ್ತಿರ ಹೋಗಿ ಗೊರಸಿನಿಂದ ಕೆದಕಿ ಕೆದಕಿ ನೆಕ್ಕಿತು. ಅಲ್ಲಿದ್ದ ಬೆರಳುದ್ದದ ಗಿಡಗಳು ಬೇರು ಸಮೇತ ಎದ್ದು ಬಂದವು. ಯಾರೋ ಮೂತ್ರ ಮಾಡಿದ್ದ ಜಾಗ ಅದು. ಮೇಕೆಗೆ ಬೇಕಾಗಿದ್ದು ಅದರ ಉಪ್ಪು. ಅದಕ್ಕೇ ಇಲ್ಲಿ ಗಿಡದ ಮೇಲಲ್ಲ, ಬರೀ ಬಂಡೆಯ ಮೇಲೆ ಮಾಡಿ ಎಂದು ಹೇಳುತ್ತಾರೆ. ಆ ಎತ್ತರದಲ್ಲಿ ಹಿಮ ಇಲ್ಲದ ತಿಂಗಳುಗಳೇ ಕಡಿಮೆ. ಕಿತ್ತುಬಂದ ಗಿಡ ಮತ್ತೆ ಬೇರು ಬಿಡಲು ಎಷ್ಟು ವರ್ಷ ಬೇಕೋ. ಒಬ್ಬರಿಂದ ಇಷ್ಟಾದರೆ ಆ ಲ್ಯಾಂಪುಗಳ ಸಾಲಿನಿಂದ ಎಷ್ಟು?

ಆ ಮಣ್ಣನ್ನು ನೋಡಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ. ಇಳಿಯುವಾಗ ದಾರಿಗೆ ಅಡ್ಡ ಬಿದ್ದ ಮರವೊಂದನ್ನು ಕೊಯ್ದು ತೆರವು ಮಾಡಿದ್ದರು. ಹೊಟ್ಟು ಇನ್ನೂ ಹಸಿಯಾಗಿತ್ತು, ಅಂಟಿನ ವಾಸನೆ. ವೈಲ್ಡರ್‌ನೆಸ್ ಒಳಗೆ ಮೋಟಾರ್ ತರುವಂತಿಲ್ಲ, ಸೈಕಲ್ ಕೂಡ ಇಲ್ಲ. ಹಾಗಾಗಿ ದಾರಿ ನೋಡಿಕೊಳ್ಳುವವರು ಆಚೆ ಈಚೆ ಇಬ್ಬರು ನಿಂತು ಎಳೆಯುವ ಗರಗಸ ಬಳಸುತ್ತಾರೆ. ನಮ್ಮ ಅಜ್ಜನ ಅಂಗಳದಲ್ಲಿ ಹಲಸಿನ ದಿಮ್ಮಿ ಕೊಯ್ಯುತ್ತಿದ್ದದ್ದು ಅಂಥದ್ದೇ ಗರಗಸದಲ್ಲಿ. ಅಷ್ಟು ಕಷ್ಟಪಟ್ಟು ಕಾಪಾಡುವ ಜಾಗಕ್ಕೆ ನಾವು ಒಂದು ಚೀಟಿ ಬರೆದು ನುಗ್ಗುತ್ತೇವೆ.

ರಾತ್ರಿ ಮಲಗುವವರಿಗೆ ಲೆಕ್ಕ ಇದೆ, ಹಗಲು ಬರುವವರಿಗೆ ಇಲ್ಲ. ಇದು ಸರಿಯಲ್ಲ. ಹಗಲಿಗೂ ಮಿತಿ ಬರಬೇಕು. ಬಂದರೆ ನನಗೂ ಆ ಬೆಟ್ಟ ವರ್ಷಗಟ್ಟಲೆ ಸಿಗದೇ ಹೋಗಬಹುದು, ಆದರೂ ಬರಬೇಕು. ಒಬ್ಬ ಗೆಳತಿ ಇದನ್ನು ಒಪ್ಪುವುದಿಲ್ಲ. ಅವಳಿಗೆ ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ. "ಸೆಪ್ಟೆಂಬರ್ ರಜೆಯನ್ನು ಫೆಬ್ರವರಿಯಲ್ಲೇ ಹೇಳೋಕಾಗುವವರಿಗೆ ಮಾತ್ರ ಬೆಟ್ಟನಾ?" ಎಂದು ಕೇಳುತ್ತಾಳೆ. ಅವಳ ಮಾತು ನಿಜ. ಮಿತಿ ತಂದರೆ ಒಂದು ಪಾಲನ್ನು ಅದೇ ವಾರ ಕೇಳುವವರಿಗೆ ಎತ್ತಿಡಬೇಕು. ಇಲ್ಲದಿದ್ದರೆ ಕಾಡು ಉಳಿಯುತ್ತದೆ, ಆದರೆ ಅನುಕೂಲ ಇದ್ದವರ ಪಾಲಾಗುತ್ತದೆ.

ಇದನ್ನು ಬರೆಯುವಾಗ ಕುಮಾರಪರ್ವತವೇ ಕಣ್ಣ ಮುಂದಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಸೇರಿದ ಜನದ ವಿಡಿಯೋ ನೀವೂ ನೋಡಿರುತ್ತೀರಿ. ಜಾತ್ರೆಯ ಹಾಗಿತ್ತು. ಆಮೇಲೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಗೊತ್ತು ಮಾಡಿದರು. ನನ್ನ ತಮ್ಮನಿಗೆ ಶನಿವಾರ ಸಿಗಲಿಲ್ಲ. "ನಮ್ಮೂರ ಬೆಟ್ಟಕ್ಕೆ ನಾವೇ ಟಿಕೆಟ್ ತಗೋಬೇಕಾ" ಎಂದು ಫೋನಿನಲ್ಲಿ ರೇಗಿದ. ನಾನು ಮೇಕೆ ಕೆದಕಿದ ಮಣ್ಣಿನ ಕಥೆ ಹೇಳಿದೆ. ಅವನು ಏನೂ ಹೇಳಲಿಲ್ಲ.

ಮುಂದಿನ ತಿಂಗಳು ಒಂದು ಮಂಗಳವಾರ ರಜೆ ಹಾಕಿ ಹೋದ. ಶೇಷಪರ್ವತದಿಂದ ಒಂದು ಫೋಟೋ ಕಳಿಸಿದ. ಹುಲ್ಲು, ಮಂಜು, ಅವನ ಬೂಟಿನ ತುದಿ. ಬೇರೆ ಯಾರೂ ಇಲ್ಲ.