ಓದು, ಆಮೇಲೆ ನೋಡು: ಇಲ್ಲಿವರೆಗಿನ ಲೆಕ್ಕ

ಕಥೆ, ಕಾದಂಬರಿಗಳಿಂದ ಮಾಡಿದ ಸಿನಿಮಾ ನೋಡಲು ನನ್ನ ನಿಯಮ ಹಳೆಯದೇ. ಮೊದಲು ಕಥೆ ಓದಬೇಕು. ಅದು ಮನಸ್ಸಲ್ಲಿ ಹಸಿಯಾಗಿರುವಾಗಲೇ ಸಿನಿಮಾ ಹಾಕಿಕೊಂಡು ಕೂರಬೇಕು. ಮನೆಯ ಟಿವಿ, ರಾತ್ರಿ ಊಟ ಆದಮೇಲೆ, ಫೋನು ಪಕ್ಕದ ಕೋಣೆಯಲ್ಲಿ.

ಈ ಸುತ್ತಿನಲ್ಲಿ ಮೊದಲು ನೋಡಿದ್ದು 'ತಬರನ ಕಥೆ'. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಸಿನಿಮಾ. ಹೆಂಡತಿಯ ಕಾಲು ಕೊಳೆಯುತ್ತಿದೆ, ಪಿಂಚಣಿ ಬರುತ್ತಿಲ್ಲ, ತಬರ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ತಬರನಾಗಿ ಚಾರುಹಾಸನ್ ಬಾಗಿಲ ಬಳಿ ನಿಲ್ಲುವ ರೀತಿ ನೋಡಿದರೇ ಸಾಕು. ಕಾಲು ಕತ್ತರಿಸಿಕೊಡು ಅಂತ ಕಟುಕನನ್ನು ಕೇಳುವ ಜಾಗ ಬಂದಾಗ ಸಿನಿಮಾ ನಿಲ್ಲಿಸಿ ಸ್ವಲ್ಪ ಓಡಾಡಿ ಬಂದೆ. ಓದುವಾಗ ಸಿಟ್ಟು ಬಂದಿತ್ತು. ನೋಡುವಾಗ ಉಸಿರು ಕಟ್ಟಿತು.

ಆಮೇಲೆ 'ಕಿರಗೂರಿನ ಗಯ್ಯಾಳಿಗಳು', 2016ರದ್ದು. ಇದರ ಮೇಲೆ ತುಂಬಾ ಆಸೆ ಇಟ್ಟುಕೊಂಡಿದ್ದೆ. ನಿರಾಸೆಯಾಯಿತು. ಪಾತ್ರಗಳಿವೆ, ಬೈಗುಳಗಳಿವೆ, ಜಗಳಗಳಿವೆ. ಆದರೆ ಕಥೆ ಹೇಳುವ ತೇಜಸ್ವಿಯ ದನಿ ಎಲ್ಲಿ? ಪುಸ್ತಕದಲ್ಲಿ ನಗು ಬರುವುದು ಅವರು ಏನೂ ಆಗಿಲ್ಲ ಅನ್ನುವ ಹಾಗೆ ಹೇಳಿಕೊಂಡು ಹೋಗುವುದರಿಂದ. ಸಿನಿಮಾದಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಾರೆ, ಆ ನಗು ಬರುವುದಿಲ್ಲ. ಹೆಂಗಸರು ಒಟ್ಟಾಗುವ ಕೊನೆಯ ಭಾಗ ಮಾತ್ರ ಇಷ್ಟವಾಯಿತು.

'ನಾಗರಹಾವು' ಅರ್ಧ ಮೆಚ್ಚಿಗೆ. ತರಾಸು ಅವರ ಮೂರು ಕಾದಂಬರಿಗಳನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಒಂದೇ ಸಿನಿಮಾಕ್ಕೆ ಇಳಿಸಿದ್ದಾರೆ. ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿ ಎದುರುಬದುರು ನಿಂತಾಗಲೆಲ್ಲ ಅಶ್ವಥ್ ಮತ್ತು ವಿಷ್ಣುವರ್ಧನ್ ಕಣ್ಣು ಕೀಳಲು ಬಿಡುವುದಿಲ್ಲ. ಚಿತ್ರದುರ್ಗದ ಬಂಡೆಗಳೂ ಅಷ್ಟೇ. ಆದರೆ ರಾಮಾಚಾರಿ ಪ್ರೀತಿಸುವ ಮಾರ್ಗರೆಟ್ ಬಂದಮೇಲೆ ಎಲ್ಲವೂ ಅವಸರ. ಪುಸ್ತಕದಲ್ಲಿ ಆ ಪ್ರೀತಿ ಬೆಳೆಯಲು ಜಾಗವಿದೆ, ಇಲ್ಲಿಲ್ಲ. ತರಾಸು ಅವರಿಗೆ ಈ ಸಿನಿಮಾ ಯಾಕೆ ಹಿಡಿಸಲಿಲ್ಲ ಅಂತ ಓದಿ ನೋಡಿದಮೇಲೇ ಅರ್ಥವಾಗುವುದು.

ಈ ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕಥೆಯಲ್ಲಿ ಇರುವುದು ಸಣ್ಣ ಊರಿಗೆ ಬಂದ ಸಿನಿಮಾ ಮಂದಿರ, ಅದರ ಬಾಗಿಲು ಕಾಯುವ ಲಿಲ್ಲಿಬಾಯಿ. ಕಾಸರವಳ್ಳಿ ಇದನ್ನೆಲ್ಲ ಬದಲಿಸಿದ್ದಾರೆ. ಕಾರ್ಗಿಲ್ ಯುದ್ಧದ ಹೊತ್ತಿನ ಕರಾವಳಿ, ಮೀನುಗಾರರ ನಡುವಿನ ಜಗಳ, ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬರುವ ಟಿವಿ ಮತ್ತು ಡಿಶ್. ಇಷ್ಟು ಬದಲಿಸಿದರೆ ಕಥೆ ಉಳಿಯುತ್ತದಾ ಅಂತ ಮೊದಲ ಅರ್ಧ ಗಂಟೆ ಅನುಮಾನವಿತ್ತು. ಆದರೆ ಹೆಂಗಸರು ಒಬ್ಬೊಬ್ಬರಾಗಿ ಆ ಮನೆಯೊಳಗೆ ಬಂದು ಕೂರುತ್ತಾರಲ್ಲ, ತೆರೆಯ ಮುಂದೆ ಕೂತಾಗ ಅವರ ಮುಖ ಬಿಚ್ಚಿಕೊಳ್ಳುತ್ತದಲ್ಲ, ಅದು ಅಪ್ಪಟ ವೈದೇಹಿ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ. ಟಿವಿ ನೋಡುತ್ತಾ ಮೈಮರೆಯುವ ಅವರ ಕಣ್ಣುಗಳನ್ನು ನೋಡಲೆಂದೇ ಕೆಲವು ದೃಶ್ಯ ಹಿಂದಕ್ಕೆ ಹಾಕಿ ನೋಡಿದೆ.

ಹಾಗಾಗಿ ಕಥೆಯಲ್ಲಿದ್ದದ್ದೆಲ್ಲ ಸಿನಿಮಾದಲ್ಲಿದೆಯಾ ಅಂತ ಪಟ್ಟಿ ಮಾಡುವುದನ್ನು ಬಿಟ್ಟಿದ್ದೇನೆ. ಓದುವಾಗ ಯಾವುದು ನನ್ನನ್ನು ಹಿಡಿದಿತ್ತು ಅಂತ ಒಂದು ಸಾಲು ಬರೆದಿಟ್ಟುಕೊಂಡು, ಅದು ತೆರೆಯ ಮೇಲೆ ಬಂತಾ ಅಂತಷ್ಟೇ ನೋಡುತ್ತೇನೆ.

ಮುಂದಿನದು 'ದ್ವೀಪ'. ನಾ. ಡಿಸೋಜ ಅವರ ಕಾದಂಬರಿ ಅರ್ಧ ಆಗಿದೆ, ಕಥೆಯೊಳಗೆ ಶರಾವತಿ ನೀರು ಏರುತ್ತಿದೆ. ಸೌಂದರ್ಯ ಇದರಲ್ಲಿ ನಟಿಸಿದ್ದಷ್ಟೇ ಅಲ್ಲ, ನಿರ್ಮಾಪಕಿಯೂ ಅವರೇ. ಒಳ್ಳೆಯ ಪ್ರಿಂಟ್ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಹೇಳಿ.