ಅಜ್ಜಿ ಬಿಪಿ ಮಾತ್ರೆ ಬಿಟ್ಟಿದ್ದೇಕೆ: ಆರೋಗ್ಯ ಉಪಕೇಂದ್ರದಲ್ಲಿ ಕೂತವರ ಅನುಭವ

"ದಿನಾ ಮಾತ್ರೆ ತಗೊಳ್ತೀರಾ ಅಜ್ಜಿ?" ಅಂದರೆ "ಹೂಂ ಕಣವ್ವಾ" ಅನ್ನುವ ಉತ್ತರವೇ ಬರುತ್ತದೆ. ಅದನ್ನು ನಂಬಿ ರಿಜಿಸ್ಟರ್‌ನಲ್ಲಿ ಬರೆದುಕೊಂಡರೆ ಪ್ರಯೋಜನವಿಲ್ಲ. ಮಾತ್ರೆ ಚೀಲ ತರಿಸಿ ಎಣಿಸಬೇಕು. ಹೋದ ತಿಂಗಳು ಕೊಟ್ಟ 30ರಲ್ಲಿ 18 ಉಳಿದಿದ್ದರೆ ಬೈಯಬೇಡಿ, "ಯಾವ್ಯಾವ ದಿನ ತಪ್ಪುತ್ತೆ?" ಅಂತ ಕೇಳಿ. ಒಮ್ಮೆ ಬೈಸಿಕೊಂಡವರು ಮತ್ತೆ ಚೀಲ ತರುವುದಿಲ್ಲ.

ವಯಸ್ಸಾದವರು ಮಾತ್ರೆ ಬಿಡುವುದು ಅಸಡ್ಡೆಯಿಂದ ಅನ್ನುವುದನ್ನು ನಾವು ಒಪ್ಪುವುದಿಲ್ಲ. ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಬಸ್ ಹತ್ತಲು ಹೆಂಗಸರು ಹೆದರುತ್ತಾರೆ. ಸಂತೆ, ಮದುವೆಯ ದಿನ ಬಿಟ್ಟೇ ಬಿಡುತ್ತಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಖಾಲಿ ಹೊಟ್ಟೆಗೆ ಹೋದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದರೆ "ಇದು ನಂದಲ್ಲ" ಅಂತ ಎತ್ತಿಡುತ್ತಾರೆ. ಹಳೆಯದು, ಹೊಸದು ಎರಡನ್ನೂ ನುಂಗುವವರೂ ಇದ್ದಾರೆ, ಅದು ಇನ್ನೂ ಅಪಾಯ.

"ತಲೆ ಸುತ್ತುತ್ತೆ" ಅಂದವರ ಮಾತನ್ನು ತಳ್ಳಿಹಾಕಲೇಬೇಡಿ. ಐದು ನಿಮಿಷ ಒರಗಿ ಕೂರಿಸಿ, ಮಾತಾಡಿಸದೆ, ಕಾಲು ನೆಲಕ್ಕೆ ಊರಿಸಿ ಬಿಪಿ ನೋಡಿ. ಆಮೇಲೆ ನಿಲ್ಲಿಸಿ, 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಭಯ ನಿಜವಾದದ್ದೇ. ಅದನ್ನು ಚೀಟಿಯಲ್ಲಿ ಬರೆದು ವೈದ್ಯಾಧಿಕಾರಿಗೆ ತೋರಿಸಿ, ಡೋಸ್ ಅವರೇ ಬದಲಿಸಲಿ.

ಸಕ್ಕರೆ ಪರೀಕ್ಷೆಗೆ "ಬರೀ ಹೊಟ್ಟೇಲಿ ಬನ್ನಿ" ಅನ್ನುವ ಮೊದಲು ಅವರೂರಿನ ಮೊದಲ ಬಸ್ ಎಷ್ಟು ಹೊತ್ತಿಗೆ ಅಂತ ವಿಚಾರಿಸಿ. ಹತ್ತೂವರೆಗೆ ಇಳಿದು, ಸರದಿಯಲ್ಲಿ ಕೂತು, ಬೆಳಗಿನ ಸಕ್ಕರೆ ಮಾತ್ರೆಯನ್ನೂ ನುಂಗಿ ಬಂದಿದ್ದರೆ ಸಕ್ಕರೆ ತೀರಾ ಇಳಿದು ಅಲ್ಲೇ ಕುಸಿಯಬಹುದು. ಪರೀಕ್ಷೆಯ ದಿನ ಆ ಮಾತ್ರೆ ಪರೀಕ್ಷೆ ಮುಗಿದ ಮೇಲೆ ತಿಂಡಿಯ ಜೊತೆಗೇ ಆಗಲಿ ಅಂತ ಬಿಡಿಸಿ ಹೇಳಬೇಕು.

ಮುಂದಿನ ಭೇಟಿಯ ತಾರೀಖನ್ನು ಸಂತೆ ದಿನಕ್ಕೋ ರೇಷನ್ ದಿನಕ್ಕೋ ಹೊಂದಿಸಿ. ಒಂದು ವಾರಕ್ಕಷ್ಟೇ ಮಾತ್ರೆ ಕೊಟ್ಟರೆ ಮಂಡಿ ನೋವಿನವರು ನಾಲ್ಕು ಸಲ ಬರುವುದಿಲ್ಲ, ತಿಂಗಳಿಗಾಗುವಷ್ಟು ಕೊಡಿ. ಮಾತ್ರೆ ಹಾಳೆ ಕತ್ತರಿಸುವಾಗ ಹೆಸರು, ಅವಧಿ ಇರುವ ತುದಿ ಅವರ ಕೈಯಲ್ಲೇ ಉಳಿಯಲಿ. ಓದಲು ಬಾರದವರ ಪೊಟ್ಟಣದ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡಿ.

ಎರಡು ತಿಂಗಳಿಂದ ಬಾರದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡುವಾಗ "ಬರಬೇಕಂತೆ" ಅಂತಷ್ಟೇ ಹೇಳಿ ಕಳಿಸಬೇಡಿ. ಯಾಕೆ ಬರಲಿಲ್ಲ ಅಂತ ಕೇಳಿಕೊಂಡು ಬರಲಿ, ಆ ಉತ್ತರವೂ ರಿಜಿಸ್ಟರ್‌ನಲ್ಲಿ ಅದೇ ಹೆಸರಿನ ಮುಂದೆ ದಾಖಲಾಗಲಿ.